ಬಿಡಬೇಕಾದುದು ಗುಳ್ಳೆಯೋ, ಸಕ್ಕರೆಯೋ?

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ವೈದ್ಯರು ಕೊಡುವ ಪಥ್ಯದ ಪಟ್ಟಿಯಲ್ಲಿ ತಪ್ಪದೇ ಕಾಣುವ ಸೂಚನೆಯೊಂದಿದೆ: ಸೋಡಾ ಮತ್ತು ಗ್ಯಾಸ್ ತುಂಬಿದ ಪಾನೀಯಗಳನ್ನು ಮುಟ್ಟಬಾರದು. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯ ಮೂಲಕ ಸರ್ಕಾರ ಹೇಳಿದ್ದೂ ಮೇಲ್ನೋಟಕ್ಕೆ ಇದನ್ನೇ. ಸಿಹಿ ಬೆರೆಸಿದ, ಗ್ಯಾಸ್ ತುಂಬಿದ ಪಾನೀಯಗಳನ್ನು ಪಾನ್ ಮಸಾಲಾ, ತಂಬಾಕುಗಳ ಸಾಲಿನಲ್ಲಿ ಕೂರಿಸಿ ಶೇ 40ರ ಗರಿಷ್ಠ ದರಕ್ಕೆ ಸೇರಿಸಲಾಯಿತು. ವೈದ್ಯರೂ ತೆರಿಗೆ ಅಧಿಕಾರಿಗಳೂ ಒಂದೇ ಮಾತು ಆಡುತ್ತಿದ್ದಾರೆ ಎಂದು ಜನಸಾಮಾನ್ಯರಿಗೆ ಅನ್ನಿಸಿದರೆ ಅಚ್ಚರಿಯಿಲ್ಲ.

ಆದರೆ ಪರಿಷ್ಕೃತ ದರಪಟ್ಟಿಯನ್ನು ಕೊಂಚ ಎಚ್ಚರದಿಂದ ಓದಿದರೆ ಬೇರೆಯದೇ ಚಿತ್ರ ತೆರೆದುಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಅನೇಕ ರೋಗಿಗಳು ಮಾಡುವ ತಪ್ಪನ್ನೇ ನಮ್ಮ ತೆರಿಗೆ ನೀತಿಯೂ ಮಾಡುತ್ತಿದೆ. ರೋಗಿ ಗುಳ್ಳೆಯನ್ನು ಬಿಡುತ್ತಾನೆ, ಸಕ್ಕರೆಯನ್ನು ಉಳಿಸಿಕೊಳ್ಳುತ್ತಾನೆ. ಸರ್ಕಾರ ಗುಳ್ಳೆಯ ಮೇಲೆ ತೆರಿಗೆ ಹಾಕುತ್ತದೆ, ಸಕ್ಕರೆಗೆ ರಿಯಾಯಿತಿ ಕೊಡುತ್ತದೆ. ಈ ಸಾಮ್ಯ ಕಾಕತಾಳೀಯವೇನಲ್ಲ. ಸಿಹಿ ಪಾನೀಯದಲ್ಲಿ ಅಪಾಯ ಎಲ್ಲಿ ಅಡಗಿದೆ ಎಂಬುದರ ಬಗ್ಗೆ ಸಮಾಜದಲ್ಲಿ ಬೇರೂರಿರುವ ಗೊಂದಲದ ಎರಡು ಮುಖಗಳಿವು.

ಶಸ್ತ್ರಚಿಕಿತ್ಸೆ ಏನನ್ನು ಬದಲಿಸುತ್ತದೆ?

ಬ್ಯಾರಿಯಾಟ್ರಿಕ್ ಎಂದು ಕರೆಯಲಾಗುವ ಈ ಶಸ್ತ್ರಚಿಕಿತ್ಸೆಗೂ ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಗೂ ಸಂಬಂಧವಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ಸಾವಿಗೀಡಾದಾಗ ಎರಡನ್ನೂ ಒಂದೇ ಎಂಬಂತೆ ಚರ್ಚಿಸಿದವರಿದ್ದರು. ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ ಕೊಬ್ಬನ್ನು ಮುಟ್ಟುವುದಿಲ್ಲ. ಬದಲಾಗುವುದು ಜಠರದ ಗಾತ್ರ ಅಥವಾ ಆಹಾರ ಸಾಗುವ ಮಾರ್ಗ.

ಇದರಲ್ಲಿ ಎರಡು ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕಿರಿದಾದ ಕೊಳವೆಯಂತೆ ಮಾಡಲಾಗುತ್ತದೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವುದು ಕತ್ತರಿಸಿ ತೆಗೆದ ಭಾಗದಲ್ಲಿಯೇ ಆದ್ದರಿಂದ ಹಸಿವೂ ತಗ್ಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಸುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಸುದ್ದಿಯಿಂದಾಗಿ ಈ ಚಿಕಿತ್ಸೆಯ ಹೆಸರು ನಮ್ಮ ದೇಶದಲ್ಲಿ ಮನೆಮನೆಗೂ ತಲುಪಿತು.

ಒಂದು ಕಾಲಕ್ಕೆ ಕೋಟ್ಯಧೀಶರಿಗಷ್ಟೇ ಎಟುಕುತ್ತಿದ್ದ ಈ ಚಿಕಿತ್ಸೆ ಈಗ ಮಧ್ಯಮ ವರ್ಗದ ಬಾಗಿಲಿಗೂ ಬಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಆರೋಗ್ಯ ವಿಮೆಯ ನಿಯಮಗಳನ್ನು ಏಕರೂಪಗೊಳಿಸಿದಾಗ, ದೇಹ ತೂಕ ಸೂಚ್ಯಂಕ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35ರ ಜೊತೆಗೆ ಮಧುಮೇಹ, ಹೃದ್ರೋಗದಂಥ ಗಂಭೀರ ಕಾಯಿಲೆಯಿದ್ದರೆ, ವೈದ್ಯರ ಸಲಹೆಯ ಮೇರೆಗೆ ಮಾಡುವ ಶಸ್ತ್ರಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡುವಂತಿಲ್ಲ ಎಂಬ ಚೌಕಟ್ಟು ರೂಪುಗೊಂಡಿತು. 2022ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಸಂಘಟನೆಗಳು ಈ ಮಿತಿಯನ್ನು ಮತ್ತಷ್ಟು ಸಡಿಲಿಸಿ, ಏಷ್ಯಾದ ಜನರಲ್ಲಿ ಸೂಚ್ಯಂಕ 27.5 ದಾಟಿದವರಿಗೂ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂದವು. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಅಂಟಿಕೊಳ್ಳುತ್ತದೆ ಎಂಬುದು ಇದಕ್ಕೆ ಕಾರಣ.

ಪರಿಣಾಮ ಹುಸಿಯಲ್ಲ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ದೀರ್ಘಾವಧಿ ಅಧ್ಯಯನದಲ್ಲಿ ಬೈಪಾಸ್ ಮಾಡಿಸಿಕೊಂಡವರು ಹತ್ತು ವರ್ಷಗಳ ನಂತರವೂ ಮೂಲ ತೂಕಕ್ಕಿಂತ ಸರಾಸರಿ ಶೇ 25ರಷ್ಟು ಕೆಳಗಿದ್ದರು. ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ. ಮೊದಲ ಎರಡು ವರ್ಷಗಳಲ್ಲಿ ಇಳಿದಿದ್ದ ತೂಕ ಶೇ 32ರ ಆಸುಪಾಸಿನಲ್ಲಿತ್ತು. ಅಂದರೆ ಕಳೆದುಕೊಂಡ ತೂಕದ ಒಂದು ಪಾಲು ಕಾಲಕ್ರಮೇಣ ಮರಳಿ ಬಂದಿತ್ತು. ಮರಳಿ ಬರುವ ದಾರಿಗಳು ಹಲವು. ಅವುಗಳಲ್ಲಿ ಅತ್ಯಂತ ಸುಗಮವಾದುದು ಕುಡಿಯುವ ಸಕ್ಕರೆ.

ಸೋಡಾಕ್ಕೇಕೆ ಈ ನಿಷೇಧ?

ವೈದ್ಯರು ಸೋಡಾ ಬೇಡ ಎನ್ನುವುದರ ಹಿಂದೆ ಒಂದಲ್ಲ, ಎರಡು ಪ್ರತ್ಯೇಕ ಕಾರಣಗಳಿವೆ. ಗೊಂದಲ ಹುಟ್ಟುವುದು ಇವೆರಡನ್ನೂ ಬೆರೆಸಿದಾಗ.

ಮೊದಲನೆಯದು ಅನಿಲ. ಕೋಲಾದಂಥ ಪಾನೀಯದಲ್ಲಿ ಅದರ ಗಾತ್ರದ ಮೂರರಿಂದ ನಾಲ್ಕು ಪಟ್ಟು ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿ ಕರಗಿರುತ್ತದೆ. ಹೊಟ್ಟೆಯ ಬಿಸಿಗೆ ಅದು ಹೊರಬಂದಾಗ ಸಾಮಾನ್ಯರಿಗೆ ಒಂದು ತೇಗು ಬಂದು ಮುಗಿಯುತ್ತದೆ. ನೂರು ಮಿಲಿ ಲೀಟರ್ ಆಸುಪಾಸಿನ ಕೊಳವೆಯಷ್ಟೇ ಉಳಿದಿರುವ ಜಠರಕ್ಕೆ ಅಷ್ಟೊಂದು ಅನಿಲವನ್ನು ತಾಳುವುದು ಸುಲಭವಲ್ಲ. ಉಬ್ಬರ, ನೋವು, ಹುಳಿತೇಗು, ಎದೆಯುರಿ ಕಾಣಿಸಿಕೊಳ್ಳುತ್ತವೆ. ಹೊಲಿಗೆ ಇನ್ನೂ ಮಾಯದ ಮೊದಲ ವಾರಗಳಲ್ಲಿ ಈ ಎಚ್ಚರಿಕೆ ಪ್ರಶ್ನಾತೀತ. ಆದರೆ ಸೋಡಾ ಕುಡಿದರೆ ಕತ್ತರಿಸಿದ ಜಠರ ಮತ್ತೆ ಹಿಗ್ಗಿ ಮೊದಲಿನಂತಾಗುತ್ತದೆ ಎಂಬ ಜನಜನಿತ ನಂಬಿಕೆಗೆ ಗಟ್ಟಿಯಾದ ಪುರಾವೆ ಇಲ್ಲ.

ಎರಡನೆಯ ಕಾರಣ ಸಕ್ಕರೆ. ಗಂಭೀರವಾದುದು ಇದೇ. ಸಾಧಾರಣ ಕೋಲಾದಲ್ಲಿ ನೂರು ಮಿಲಿ ಲೀಟರಿಗೆ ಹತ್ತು ಗ್ರಾಂಗೂ ತುಸು ಹೆಚ್ಚು ಸಕ್ಕರೆ ಇರುತ್ತದೆ. ಮುನ್ನೂರು ಮಿಲಿ ಲೀಟರಿನ ಒಂದು ಬಾಟಲಿ ಎಂದರೆ ಮೂವತ್ತು ಗ್ರಾಂಗೂ ಹೆಚ್ಚು, ಅಂದರೆ ಏಳೆಂಟು ಚಮಚ. ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕೆ ಇಳಿಸಿದರೆ ಮತ್ತಷ್ಟು ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು. ಶೇ 5 ಎಂದರೆ ಸರಾಸರಿ ವಯಸ್ಕರಿಗೆ ಸುಮಾರು 25 ಗ್ರಾಂ. ಒಂದೇ ಬಾಟಲಿಯಲ್ಲಿ ಆ ಗೆರೆ ದಾಟಿಹೋಗುತ್ತದೆ.

ಬೈಪಾಸ್ ಆದವರಲ್ಲಿ ಸಕ್ಕರೆ ನೀರು ಜಠರದಲ್ಲಿ ನಿಲ್ಲದೆ ನೇರವಾಗಿ ಕರುಳಿಗೆ ಧುಮುಕುತ್ತದೆ. ಕುಡಿದು ಹತ್ತಿಪ್ಪತ್ತು ನಿಮಿಷಗಳಲ್ಲಿ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಶುರುವಾಗಬಹುದು. ಇದನ್ನು ವೈದ್ಯರು ಡಂಪಿಂಗ್ ಎನ್ನುತ್ತಾರೆ. ಕೆಲವರಲ್ಲಿ ಒಂದರಿಂದ ಮೂರು ಗಂಟೆಗಳ ಬಳಿಕ ರಕ್ತದ ಸಕ್ಕರೆ ಏಕಾಏಕಿ ಕುಸಿದು ಕಣ್ಣು ಕತ್ತಲಿಡುವುದೂ ಉಂಟು. ಸ್ಲೀವ್ ಮಾಡಿಸಿಕೊಂಡವರಲ್ಲಿ ಈ ತೊಂದರೆ ಕಡಿಮೆ. ವಿಪರ್ಯಾಸವೆಂದರೆ, ತೊಂದರೆ ಕೊಡದ ಸಕ್ಕರೆಯೇ ಹೆಚ್ಚು ಅಪಾಯಕಾರಿ. ಎರಡು ಚಪಾತಿ ತಿನ್ನಲಾಗದ ಜಠರದ ಮೂಲಕವೂ ಸಿಹಿ ನೀರು ಸರಾಗವಾಗಿ ಇಳಿದುಹೋಗುತ್ತದೆ. ಹೊಟ್ಟೆ ತುಂಬಿತೆಂಬ ಸಂಕೇತವೂ ಬರುವುದಿಲ್ಲ. ಗಟ್ಟಿ ಆಹಾರವನ್ನು ತಡೆಯಲೆಂದು ಕಟ್ಟಿದ ಅಣೆಕಟ್ಟಿನಲ್ಲಿ ದ್ರವ ಸಕ್ಕರೆಗೆ ತೂಬು ತೆರೆದೇ ಇರುತ್ತದೆ. ದಿನಕ್ಕೆ ಅರವತ್ತು ಗ್ರಾಂನಷ್ಟಾದರೂ ಪ್ರೋಟೀನು ಸೇರಬೇಕಾದ ಆ ಕಿರಿದಾದ ಜಾಗವನ್ನು ಸಾರವಿಲ್ಲದ ಪಾನೀಯ ಆಕ್ರಮಿಸಿಕೊಳ್ಳುವುದು ಮತ್ತೊಂದು ನಷ್ಟ.

ರೋಗಿ ಎಡವುವುದು ಎಲ್ಲಿ?

ಈ ಎರಡು ಕಾರಣಗಳನ್ನು ಬಿಡಿಸಿ ಹೇಳದೆ, ಸೋಡಾ ಕುಡಿಯಬೇಡಿ ಎಂದಷ್ಟೇ ಹೇಳಿದರೆ ಏನಾಗುತ್ತದೆ? ಸೋಡಾ ಬಿಟ್ಟ ರೋಗಿ ಪೊಟ್ಟಣದ ಮಾವಿನ ಪಾನೀಯಕ್ಕೆ ಕೈಚಾಚುತ್ತಾನೆ. ಅದರಲ್ಲಿ ಗ್ಯಾಸ್ ಇಲ್ಲ, ಹಣ್ಣಿನ ಚಿತ್ರವಿದೆ. ಪಥ್ಯ ಮುರಿದೆ ಎಂಬ ಅಳುಕೂ ಇರುವುದಿಲ್ಲ. ಆದರೆ ಮಾರುಕಟ್ಟೆಯಲ್ಲಿರುವ ಇಂಥ ಹಲವು ಪಾನೀಯಗಳಲ್ಲಿ ಕೋಲಾದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದಿದವರಿಗಷ್ಟೇ ಅದು ತಿಳಿಯುತ್ತದೆ.

ಡಯಟ್ ಪಾನೀಯಗಳ ಕತೆ ಇದಕ್ಕೆ ತದ್ವಿರುದ್ಧ. ಅಲ್ಲಿ ಸಕ್ಕರೆ ಇಲ್ಲ, ಗ್ಯಾಸ್ ಇದೆ. ಉಬ್ಬರದ ತೊಂದರೆ ಹಾಗೆಯೇ ಉಳಿಯುತ್ತದೆ. ತೂಕ ನಿಯಂತ್ರಣಕ್ಕಾಗಿ ಸಕ್ಕರೆಯಲ್ಲದ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿದೆ. ಆದರೂ ದಿನಕ್ಕೆರಡು ಬಾಟಲಿ ಕೋಲಾ ಕುಡಿಯುತ್ತಿದ್ದವರಿಗೆ ಸಕ್ಕರೆಯ ಲೆಕ್ಕದಲ್ಲಿ ಡಯಟ್ ಪಾನೀಯವೂ ಮಾವಿನ ಪಾನೀಯವೂ ಒಂದೇ ಅಲ್ಲ ಎಂಬ ವಿವೇಚನೆ ಅಗತ್ಯ.

ರೋಗಿಯನ್ನು ದೂರುವ ಮುನ್ನ ಆತ ಬದುಕುವ ಪರಿಸರವನ್ನೂ ನೋಡಬೇಕು. ನಮ್ಮಲ್ಲಿ ಸೋಡಾ ಎಂಬುದು ಕೇವಲ ಚಟವಲ್ಲ. ಗೋಲಿ ಸೋಡಾ ಕಾಲದಿಂದಲೂ ಅಜೀರ್ಣಕ್ಕೆ ಅದು ಮನೆಮದ್ದು. ಮದುವೆಯೂಟ ಭಾರವಾಯಿತೆಂದರೆ ನಿಂಬೆ ಸೋಡಾ, ಹೊಟ್ಟೆ ಉಬ್ಬರಿಸಿದರೆ ಜೀರಾ ಸೋಡಾ. ದಕ್ಷಿಣ ಕನ್ನಡದ ಪುತ್ತೂರಿನಿಂದ ಹೊರಟ ಬಿಂದು ಜೀರಾ ರಾಜ್ಯದುದ್ದಕ್ಕೂ ಜನಪ್ರಿಯವಾದುದರ ಹಿಂದೆ ಜೀರಿಗೆ ಜೀರ್ಣಕಾರಿ ಎಂಬ ಹಳೆಯ ನಂಬಿಕೆಯೂ ಕೆಲಸ ಮಾಡಿದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವನಿಗೆ ಉಬ್ಬರ ಕಾಣಿಸಿಕೊಂಡಾಗ ಮನೆಯ ಹಿರಿಯರು ಪ್ರೀತಿಯಿಂದಲೇ ಸೋಡಾ ತಂದುಕೊಟ್ಟರೆ ಅದನ್ನು ಅಜ್ಞಾನವೆಂದು ಹೀಗಳೆಯಲಾಗದು. ನೆಂಟರು ಬಂದಾಗ ಕೂಲ್‌ಡ್ರಿಂಕ್ಸ್ ತರಿಸುವುದು ಇಂದು ಉಪಚಾರದ ಭಾಗ, ಬೇಡವೆನ್ನುವುದು ಅವಮರ್ಯಾದೆ. ಇನ್ನು ಮದ್ಯದ ಜಾಹೀರಾತಿಗೆ ನಿರ್ಬಂಧವಿರುವ ದೇಶದಲ್ಲಿ ಮದ್ಯದ ಬ್ರಾಂಡುಗಳು ಸೋಡಾದ ಹೆಸರಿನಲ್ಲಿ ಮುಖ ತೋರಿಸುವುದು ಹಳೆಯ ತಂತ್ರ. ಬೈಪಾಸ್ ಆದವರಲ್ಲಿ ಮದ್ಯ ಬೇಗನೆ ರಕ್ತ ಸೇರಿ ಹೆಚ್ಚು ಅಮಲೇರಿಸುತ್ತದೆ ಎಂಬುದನ್ನು ನೆನೆದರೆ ಆ ಜೋಡಿಯ ಅಪಾಯ ಅರಿವಾಗುತ್ತದೆ.

ದರಪಟ್ಟಿ ಹೇಳುವ ಸತ್ಯ

ಈಗ ತೆರಿಗೆಯತ್ತ ಬರೋಣ. ಸಿಹಿ ಬೆರೆಸಿದ ಗ್ಯಾಸ್ ಪಾನೀಯಗಳ ಮೇಲೆ 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದಲೂ ಶೇ 28ರ ತೆರಿಗೆ ಮತ್ತು ಶೇ 12ರ ಪರಿಹಾರ ಸೆಸ್ ಇತ್ತು. ಎರಡನ್ನೂ ಕೂಡಿದರೆ ಶೇ 40. 2025ರ ಪರಿಷ್ಕರಣೆ ಸೆಸ್ ತೆಗೆದು ಒಂದೇ ದರ ಮಾಡಿತೇ ಹೊರತು ಹೊರೆಯನ್ನು ಹೆಚ್ಚಿಸಲಿಲ್ಲ. ಬೊಜ್ಜಿನ ವಿರುದ್ಧ ಹೊಸ ಸಮರ ಎಂಬ ವರ್ಣನೆಗೆ ಆಧಾರವಿಲ್ಲ.

ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಸಕ್ಕರೆ ತುಂಬಿದ ಕೋಲಾಕ್ಕೂ ಸಕ್ಕರೆಯೇ ಇಲ್ಲದ ಡಯಟ್ ಕೋಲಾಕ್ಕೂ ಒಂದೇ ಶೇ 40. ಗ್ಯಾಸ್ ಇಲ್ಲದ ಹಣ್ಣಿನ ರಸದ ಪಾನೀಯಗಳಿಗೆ ಇದ್ದ ಶೇ 12ರ ದರ ಅದೇ ದಿನ ಶೇ 5ಕ್ಕೆ ಇಳಿಯಿತು. ಅದರಲ್ಲಿ ಎಷ್ಟು ಸಕ್ಕರೆ ಬೆರೆಸಲಾಗಿದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. 2022ರ ಜುಲೈ 18ರಿಂದ ಪೊಟ್ಟಣದ ಮೊಸರು, ಮಜ್ಜಿಗೆಗಳ ಮೇಲೆ ಶೇ 5 ತೆರಿಗೆ ಹೇರಿದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಅಂದು ಮಜ್ಜಿಗೆಗೆ ವಿಧಿಸಿದ ದರಕ್ಕೇ ಮೂರು ವರ್ಷಗಳ ತರುವಾಯ ಸಕ್ಕರೆ ಬೆರೆತ ಮಾವಿನ ಪಾನೀಯವನ್ನು ಇಳಿಸಲಾಯಿತು. ಶಸ್ತ್ರಚಿಕಿತ್ಸೆಯಾದವರಿಗೆ ವೈದ್ಯರು ಸೂಚಿಸುವ ಪಾನೀಯವೂ ಬಿಡಿಸಬೇಕಾದ ಪಾನೀಯವೂ ತೆರಿಗೆಯ ಕಣ್ಣಿಗೆ ಸರಿಸಮ!

ಹಾಗೆಂದು ಶೇ 40ರ ತೆರಿಗೆ ಕೋಲಾವನ್ನು ದುಬಾರಿಯಾಗಿಸಿದೆಯೇ ಎಂದರೆ ಅದೂ ಇಲ್ಲ. 2023ರಲ್ಲಿ ರಿಲಯನ್ಸ್ ಸಮೂಹ ಕ್ಯಾಂಪಾ ಪಾನೀಯವನ್ನು ಮರಳಿ ಮಾರುಕಟ್ಟೆಗೆ ತಂದು 200 ಮಿಲಿ ಲೀಟರ್ ಬಾಟಲಿಯನ್ನು 10 ರೂಪಾಯಿಗೆ ಮಾರತೊಡಗಿತು. ಬಹುರಾಷ್ಟ್ರೀಯ ಕಂಪನಿಗಳೂ ಪೈಪೋಟಿಗಿಳಿಯಬೇಕಾಯಿತು. ಹತ್ತು ರೂಪಾಯಿಗೆ ಸುಮಾರು ಐದು ಚಮಚ ಸಕ್ಕರೆ ಕೈಗೆ ಸಿಗುವಾಗ ತೆರಿಗೆಯ ಬಿಸಿ ಗ್ರಾಹಕನಿಗೆ ತಟ್ಟುವುದಾದರೂ ಹೇಗೆ?

ಈ ಗೊಂದಲಕ್ಕೆ ಇತಿಹಾಸವೂ ಇದೆ. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ತಂಪು ಪಾನೀಯಗಳಲ್ಲಿ ಕೀಟನಾಶಕದ ಅಂಶವಿದೆಯೆಂದು ವರದಿ ನೀಡಿದಾಗ ದೇಶವೇ ಬೆಚ್ಚಿಬಿದ್ದಿತು. ಶರದ್ ಪವಾರ್ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ರಚನೆಯಾಗಿ 2004ರಲ್ಲಿ ವರದಿ ಸಲ್ಲಿಸಿತು. 2006ರಲ್ಲಿ ಎರಡನೆಯ ವರದಿ ಬಂದಾಗ ಕೇರಳ ಪೂರ್ಣ ನಿಷೇಧವನ್ನೇ ಹೇರಿ, ಹೈಕೋರ್ಟಿನಲ್ಲಿ ಸೋತಿತು. ಆ ಹೋರಾಟ ನ್ಯಾಯಯುತವಾಗಿಯೇ ಇತ್ತು. ಆದರೆ ಬಾಟಲಿಯೊಳಗಿನ ಕಣ್ಣಿಗೆ ಕಾಣದ ವಿಷದ ಬಗ್ಗೆ ಅಷ್ಟೆಲ್ಲ ಚರ್ಚೆ ನಡೆದಾಗ, ಅದೇ ಬಾಟಲಿಯಲ್ಲಿ ಬಹಿರಂಗವಾಗಿಯೇ ಇದ್ದ ಸಕ್ಕರೆಯ ಬಗ್ಗೆ ಸಾರ್ವಜನಿಕರ ಗಮನ ಹರಿಯಲಿಲ್ಲ.

ಅನ್ಯರು ಕಲಿಸುವ ಪಾಠ

ಮೆಕ್ಸಿಕೊ 2014ರಿಂದ ಸಕ್ಕರೆ ಬೆರೆಸಿದ ಪಾನೀಯಗಳಿಗೆ ಲೀಟರಿಗೆ ಒಂದು ಪೆಸೊ ತೆರಿಗೆ ವಿಧಿಸಿತು, ಖರೀದಿ ಇಳಿಯಿತು. ಬ್ರಿಟನ್ 2018ರ ಏಪ್ರಿಲ್‌ನಲ್ಲಿ ಇನ್ನಷ್ಟು ಜಾಣ್ಮೆ ತೋರಿತು. ನೂರು ಮಿಲಿ ಲೀಟರಿಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದರೆ ತೆರಿಗೆಯಿಲ್ಲ, 5ರಿಂದ 8 ಗ್ರಾಂ ಇದ್ದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಅದಕ್ಕಿಂತ ಹೆಚ್ಚಿನ ದರ. ಪರಿಣಾಮವಾಗಿ ಅನೇಕ ಕಂಪನಿಗಳು ತೆರಿಗೆ ಜಾರಿಯಾಗುವ ಮೊದಲೇ ಸಕ್ಕರೆ ಇಳಿಸಿದವು. ಗ್ರಾಹಕ ಏನನ್ನೂ ಬಿಡದೆಯೇ ಅವನ ಬಾಟಲಿಯಲ್ಲಿನ ಸಕ್ಕರೆ ತಗ್ಗಿತು. ಚಿಲಿ 2016ರಿಂದ ಸಕ್ಕರೆ ಅಧಿಕವಿರುವ ಪೊಟ್ಟಣಗಳ ಮುಂಬದಿಯಲ್ಲೇ ಕಪ್ಪು ಎಚ್ಚರಿಕೆ ಚಿಹ್ನೆಯನ್ನು ಕಡ್ಡಾಯ ಮಾಡಿದೆ.

ನಮ್ಮಲ್ಲಿ ಸಕ್ಕರೆ ತಗ್ಗಿಸಿದ ಕಂಪನಿಗೆ ತೆರಿಗೆಯಿಂದ ಯಾವ ಲಾಭವೂ ಇಲ್ಲ, ದರ ಅಷ್ಟೇ. ಮುಂಬದಿ ಚಿಹ್ನೆಯ ವಿಚಾರದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಸೆಪ್ಟೆಂಬರ್‌ನಲ್ಲಿ ನಕ್ಷತ್ರಗಳ ಶ್ರೇಣಿಯ ಕರಡು ಪ್ರಕಟಿಸಿತು. ಎಚ್ಚರಿಸಬೇಕಾದ ಕಡೆ ನಕ್ಷತ್ರ ಕೊಟ್ಟು ಮೆಚ್ಚುವುದು ಸರಿಯೇ ಎಂದು ತಜ್ಞರು ಆಕ್ಷೇಪಿಸಿದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ವಿಧಿಸಿತು. ಜುಲೈನಲ್ಲಿ ಆ ಗಡುವನ್ನೇ ವಿಸ್ತರಿಸಬೇಕಾಯಿತು. ಶಾಲೆಗಳ ಕ್ಯಾಂಟೀನಿನಲ್ಲಿ ಮತ್ತು ಆವರಣದಿಂದ 50 ಮೀಟರ್ ವ್ಯಾಪ್ತಿಯಲ್ಲಿ ಇಂಥ ಪದಾರ್ಥ ಮಾರುವಂತಿಲ್ಲ ಎಂಬ 2020ರ ನಿಯಮವಂತೂ ಶಾಲೆಯೆದುರಿನ ಅಂಗಡಿಗಳನ್ನು ನೋಡಿದವರಿಗೆ ಕಾಗದದ ಮೇಲಷ್ಟೇ ಉಳಿದಂತೆ ತೋರುತ್ತದೆ.

ಕಬ್ಬು ಬೆಳೆಗಾರರ ಪ್ರಶ್ನೆ

ಸಕ್ಕರೆಯ ಪ್ರಮಾಣಕ್ಕೆ ತಕ್ಕ ತೆರಿಗೆ ಎಂದೊಡನೆ ಕರ್ನಾಟಕದಲ್ಲಿ ಏಳುವ ಪ್ರಶ್ನೆ ಸಹಜವಾದುದೇ. ಉತ್ತರ ಪ್ರದೇಶ, ಮಹಾರಾಷ್ಟ್ರಗಳ ಜೊತೆ ದೇಶದ ಪ್ರಮುಖ ಸಕ್ಕರೆ ಉತ್ಪಾದಕ ರಾಜ್ಯ ನಮ್ಮದು. ಬೆಳಗಾವಿ, ಬಾಗಲಕೋಟೆ, ಮಂಡ್ಯಗಳ ರಾಜಕಾರಣ ಕಬ್ಬಿನ ಸುತ್ತ ಹೆಣೆದುಕೊಂಡಿದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಬೆಳೆಗಾರರು ಬೀದಿಗಿಳಿದು, ಟನ್ನಿಗೆ 3,300 ರೂಪಾಯಿ ದರ ಒಪ್ಪಿಸಿಕೊಂಡದ್ದು ಇನ್ನೂ ಹಸಿರಾಗಿದೆ. ಅವರ ಹೊಟ್ಟೆಯ ಮೇಲೆ ಹೊಡೆಯುವ ಆರೋಗ್ಯ ನೀತಿ ನೀತಿಯೇ ಅಲ್ಲ. ಆದರೆ ಬೆಳೆಗಾರರ ಸಂಕಟದ ಮೂಲ ಕಾರ್ಖಾನೆಗಳ ಬಾಕಿ, ತೂಕದಲ್ಲಿನ ಮೋಸದ ದೂರು, ದರ ನಿಗದಿಯ ವಿಳಂಬಗಳಲ್ಲಿದೆಯೇ ಹೊರತು ಜನ ಸಿಹಿ ಪಾನೀಯ ಕುಡಿಯದಿರುವುದರಲ್ಲಿ ಅಲ್ಲ. ಎಥನಾಲ್ ಉತ್ಪಾದನೆ ಕಬ್ಬಿಗೆ ಮತ್ತೊಂದು ಮಾರುಕಟ್ಟೆಯನ್ನು ತೆರೆದಿದೆ. ರೈತನನ್ನು ಉಳಿಸಲು ರೋಗಿಯನ್ನು ಸೃಷ್ಟಿಸಬೇಕೆಂಬ ವಾದ ಇಬ್ಬರಿಗೂ ಅನ್ಯಾಯ.

ಬಾಯಿ ಚಪಲಕ್ಕೆ ಸರ್ಕಾರ ಏಕೆ ಹೊಣೆ ಎಂಬ ವಾದವೂ ಇದೆ. ಶಸ್ತ್ರಚಿಕಿತ್ಸೆಯಾದವರ ಅನುಭವವೇ ಇದಕ್ಕೆ ಉತ್ತರ. ಜಠರದ ಮುಕ್ಕಾಲು ಭಾಗವನ್ನು ಬಿಟ್ಟುಕೊಡುವಷ್ಟು ದೃಢ ನಿರ್ಧಾರ ಮಾಡಿದವರಿಗೂ ಸಿಹಿ ಪಾನೀಯ ಬಿಡುವುದು ಕಷ್ಟವಾಗುತ್ತದೆಂದರೆ ಸಮಸ್ಯೆ ಕೇವಲ ಮನೋಬಲದ್ದಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರು ಮತ್ತು ಪುರುಷರು ಇಬ್ಬರಲ್ಲೂ ಸುಮಾರು ಶೇ 30ರಷ್ಟು ಮಂದಿ ಅಧಿಕ ತೂಕದವರು. ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿ ದಾಟಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜಿಸಿತು. ಇಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಮಾಡುವುದು ಅಸಾಧ್ಯ. 2025ರಲ್ಲಿ ಭಾರತಕ್ಕೆ ಬಂದ ಮೌಂಜಾರೊ, ವೆಗೋವಿಯಂಥ ಚುಚ್ಚುಮದ್ದುಗಳನ್ನು ನೆಚ್ಚಿಕೊಂಡರೂ ಮದ್ದು ನಿಲ್ಲಿಸಿದ ಮೇಲೆ ತೂಕ ಮರಳುವ ಸಮಸ್ಯೆ ಇದ್ದೇ ಇದೆ.

ಆಗಬೇಕಾದುದೇನು?

ಮೊದಲನೆಯದಾಗಿ, ಪಾನೀಯಗಳ ತೆರಿಗೆ ಗ್ಯಾಸಿನ ಬದಲು ಸಕ್ಕರೆಯ ಪ್ರಮಾಣವನ್ನು ಆಧರಿಸಬೇಕು. ಸಕ್ಕರೆ ಅಧಿಕವಿರುವ ಹಣ್ಣಿನ ಪಾನೀಯಕ್ಕೆ ಕೋಲಾದ ದರ, ಸಕ್ಕರೆ ತಗ್ಗಿಸಿದ ಪಾನೀಯಕ್ಕೆ ಇಳಿಕೆ, ಸಪ್ಪೆ ಮಜ್ಜಿಗೆಗೆ ಪೂರ್ಣ ವಿನಾಯಿತಿ ಎಂಬ ಸರಳ ಸೂತ್ರವನ್ನು ಜಿಎಸ್‌ಟಿ ಮಂಡಳಿಯಲ್ಲಿ ಮುಂದಿಡಲು ಕರ್ನಾಟಕಕ್ಕೆ ಅಡ್ಡಿಯೇನೂ ಇಲ್ಲ. ಎರಡನೆಯದಾಗಿ, ಪೊಟ್ಟಣದ ಮುಂಬದಿಯಲ್ಲಿ ಸಕ್ಕರೆಯ ಎಚ್ಚರಿಕೆ ಕನ್ನಡದಲ್ಲೂ ಇರಬೇಕು. ಇಂಗ್ಲಿಷಿನ ಸಣ್ಣಕ್ಷರ ಓದಲಾಗದ ರೋಗಿಗೆ ಪಥ್ಯ ಪಾಲಿಸು ಎನ್ನುವುದು ಅರ್ಥಹೀನ.

ಮೂರನೆಯದು ಆಸ್ಪತ್ರೆಗಳ ಹೊಣೆ. ಶಸ್ತ್ರಚಿಕಿತ್ಸೆಗೆ ವಿಮೆಯಿದ್ದರೂ ಬಹುತೇಕ ಪಾಲಿಸಿಗಳಲ್ಲಿ ಅನಂತರದ ವರ್ಷಗಳ ಪಥ್ಯ ಸಮಾಲೋಚನೆಗೆ ಹಣ ಸಿಗದು. ಜೀವಮಾನವಿಡೀ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಟ್ಟ ಗಮನಿಸಬೇಕಾದ ಚಿಕಿತ್ಸೆಯನ್ನು ಒಂದೇ ದಿನದ ವ್ಯವಹಾರವೆಂಬಂತೆ ಕಾಣಲಾಗುತ್ತಿದೆ. ಸಮಾಲೋಚನೆಯನ್ನೂ ವಿಮೆಯ ವ್ಯಾಪ್ತಿಗೆ ತರಬೇಕು. ಏನನ್ನು ಕುಡಿಯಬಾರದು ಎಂಬುದರ ಜೊತೆಗೆ ಏಕೆ ಕುಡಿಯಬಾರದು, ಬದಲಿಗೆ ಏನನ್ನು ಕುಡಿಯಬಹುದು ಎಂಬುದನ್ನು ರೋಗಿಗೂ ಮನೆಮಂದಿಗೂ ಅವರ ಭಾಷೆಯಲ್ಲಿ ತಿಳಿಸಬೇಕು. ನೀರು, ತೆಳು ಮಜ್ಜಿಗೆ, ಸಕ್ಕರೆಯಿಲ್ಲದ ಜೀರಿಗೆ ಕಷಾಯಗಳನ್ನು ಊಟಕ್ಕೂ ಕುಡಿಯುವುದಕ್ಕೂ ಅರ್ಧ ಗಂಟೆ ಅಂತರವಿಟ್ಟು ಗುಟುಕು ಗುಟುಕಾಗಿ ಸೇವಿಸುವ ಪದ್ಧತಿ ನಮ್ಮ ಅಡುಗೆಮನೆಗೆ ಹೊರತಾದುದೇನಲ್ಲ.

ಸೋಡಾ ಬಿಡುವ ಹೋರಾಟವನ್ನು ಇದುವರೆಗೆ ಶಸ್ತ್ರಚಿಕಿತ್ಸೆಯಾದ ಕೆಲವರ ಖಾಸಗಿ ಕಷ್ಟವೆಂದು ನೋಡಿದ್ದೇವೆ. ಅವರು ಎಡವುವ ಜಾಗದಲ್ಲೇ ಕಾನೂನೂ ತೆರಿಗೆಯೂ ಎಡವುತ್ತಿರುವಾಗ ಅದು ಖಾಸಗಿಯಾಗಿ ಉಳಿಯುವುದಿಲ್ಲ. ವೈದ್ಯರ ಕತ್ತರಿ ಒಬ್ಬರ ಜಠರವನ್ನು ಕಿರಿದಾಗಿಸಬಲ್ಲದು. ಹತ್ತು ರೂಪಾಯಿಯ ಸಕ್ಕರೆ ನೀರಿನಿಂದ ಊರನ್ನು ಕಾಯುವ ಕೆಲಸ ಸರ್ಕಾರದ್ದು, ಮತ್ತು ಆ ಕೆಲಸ ಇನ್ನೂ ಆರಂಭವಾಗಬೇಕಿದೆ.